ದೇವರಿಗೆ ಊರು ಕೊಟ್ಟ ಕವಿಗಳು

ತಿರುಮಲದ ಗರ್ಭಗುಡಿಯ ಬಾಗಿಲಲ್ಲಿ ಒಂದು ಹೊಸ್ತಿಲಿದೆ. ಅದರ ಹೆಸರು ಕುಲಶೇಖರ ಪಡಿ. 'ಜರಗಂಡಿ, ಜರಗಂಡಿ' ಎಂದು ಮುಂದೆ ತಳ್ಳುವ ನೂಕುನುಗ್ಗಲಲ್ಲಿ ಹೊಸ್ತಿಲು ನೋಡಲು ಯಾರಿಗೆ ಪುರುಸೊತ್ತು ಬಿಡಿ. ಆದರೆ ಆ ಕಲ್ಲಿಗೆ ಒಬ್ಬ ಕವಿಯ ಹೆಸರು ಬಂದದ್ದು ಒಂದು ತಮಿಳು ಹಾಡಿನಿಂದ.

ಕುಲಶೇಖರ ಆಳ್ವಾರರು ಚೇರ ನಾಡಿನ ಅರಸರು ಎನ್ನುತ್ತದೆ ಪರಂಪರೆ. ಭೂಮಿಯ ರಾಜ್ಯ ಬೇಡ, ಸ್ವರ್ಗದ ಸಿರಿಯೂ ಬೇಡ ಎಂದು ಹೇಳಿ ಅವರು ಬೇರೆಯದೇ ಬೇಡಿಕೆಗಳ ಪಟ್ಟಿ ಇಡುತ್ತಾರೆ. ತಿರುವೇಂಗಡದ, ಅಂದರೆ ಇದೇ ತಿರುಮಲ ಬೆಟ್ಟದ ಕೊಳದಲ್ಲಿ ಕೊಕ್ಕರೆಯಾಗಿ ಹುಟ್ಟಬೇಕು. ಕೊಕ್ಕರೆ ಹಾರಿಹೋಗಬಹುದು, ಅಲ್ವಾ? ಹಾಗಾದರೆ ಅಲ್ಲಿನ ಚಿಲುಮೆಯಲ್ಲಿ ಮೀನಾಗಲಿ. ಸಂಪಿಗೆ ಮರವಾಗಲಿ, ಬೆಟ್ಟದ ತುದಿಯಾಗಲಿ, ಕಾಡಿನ ಹೊಳೆಯಾಗಲಿ, ಹತ್ತಿ ಬರುವ ದಾರಿಯಾಗಲಿ. ಕೊನೆಗೆ, ನಿನ್ನ ಬಾಗಿಲ ಮೆಟ್ಟಿಲಾಗಿ ಬಿದ್ದುಕೊಂಡು ನಿನ್ನ ಹವಳದ ತುಟಿ ನೋಡುತ್ತಿರುವೆ ಎನ್ನುತ್ತಾರೆ. ಅದೂ ಸಿಗದಿದ್ದರೆ ಈ ಬೆಟ್ಟದ ಮೇಲೆ ಏನಾದರೂ ಸರಿ, ಒಂದು ವಸ್ತುವಾದರೆ ಸಾಕು.

ವೈಕುಂಠ ಕೇಳಿಲ್ಲ ನೋಡಿ. ಕೇಳಿದ್ದು ಒಂದು ಬೆಟ್ಟವನ್ನು. ತಮಿಳು ಭಕ್ತಿ ಅರ್ಥವಾಗಬೇಕಾದರೆ ನನ್ನ ಮಟ್ಟಿಗೆ ಇದೇ ಬೀಗದ ಕೈ. ಈ ಕವಿಗಳ ದೇವರು ಎಲ್ಲೆಲ್ಲೂ ಇದ್ದಾನೆ, ನಿಜ. ಆದರೆ ಅವರು ಹಾಡುವುದು ಇಂಥ ಊರಿನಲ್ಲಿ ಇರುವವನನ್ನು. ಆ ಊರಿನ ಹೊಳೆ, ಆ ಊರಿನ ಗದ್ದೆ, ಆ ಊರಿನ ಮಾತು ಎಲ್ಲ ಅವನಿಗೆ ಅಂಟಿಕೊಂಡಿರುತ್ತದೆ.

ಮೊದಲು ಯಾರು ಯಾರು ಅಂತ ನೋಡಿಬಿಡೋಣ. ಕಾಲ ಸುಮಾರು 6ನೇ ಶತಮಾನದಿಂದ 9ನೇ ಶತಮಾನ. ವಿಷ್ಣುವನ್ನು ಹಾಡಿದವರು 12 ಆಳ್ವಾರರು. ಶಿವನ ಕಡೆಯವರು 63 ನಾಯನ್ಮಾರರು. ನಮ್ಮಲ್ಲಿ ಇವರನ್ನೇ 'ಅರವತ್ತಮೂರು ಪುರಾತನರು' ಎನ್ನುತ್ತೇವೆ. ನಂಜನಗೂಡಿನ ದೇವಸ್ಥಾನದಲ್ಲಿ ಇವರ ವಿಗ್ರಹಗಳ ಸಾಲೇ ಇದೆ.

ಇಲ್ಲೊಂದು ಗೊಂದಲ ಸಾಮಾನ್ಯ. 63 ಜನರೂ ಕವಿಗಳು ಎಂದು ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಅವರಲ್ಲಿ ಹೆಚ್ಚಿನವರು ಒಂದು ಸಾಲನ್ನೂ ಬರೆದವರಲ್ಲ. ಒಬ್ಬರು ಕುಂಬಾರ, ಒಬ್ಬರು ಬೆಸ್ತ, ಒಬ್ಬರು ಅಗಸ, ಒಬ್ಬರು ಬೇಡ, ಕೆಲವರು ರಾಜರು, ಮೂವರು ಹೆಂಗಸರು. ಅವರ ಭಕ್ತಿಯ ಕಥೆ ಉಳಿದಿದೆ, ಹಾಡಲ್ಲ. ಹಾಡುಗಳ ದೊಡ್ಡ ರಾಶಿ ಮೂವರದ್ದು: ಅಪ್ಪರ್, ಸಂಬಂಧರ್, ಸುಂದರರ್. ಇವರ ಹಾಡುಗಳಿಗೆ ತೇವಾರಂ ಎಂದು ಹೆಸರು. ಇನ್ನೊಂದು ತಮಾಷೆ ಎಂದರೆ, ಎಲ್ಲರಿಗಿಂತ ಕರುಳು ಕಿತ್ತುಬರುವಂತೆ ಹಾಡಿದ ಮಾಣಿಕ್ಕವಾಚಕರ್ ಈ 63ರಲ್ಲಿ ಇಲ್ಲವೇ ಇಲ್ಲ. ಪಟ್ಟಿಯ ಮೂಲ ಸುಂದರರ್ ಹಾಡಿದ ಒಂದು ಹಾಡು. ಮಾಣಿಕ್ಕವಾಚಕರ್ ಅವರಿಗಿಂತ ಈಚಿನವರು ಎಂದು ಹೆಚ್ಚಿನ ವಿದ್ವಾಂಸರ ಲೆಕ್ಕ.

ಇನ್ನು ಹಾಡಿನ ವಿಷಯ. ಈ ಕವಿಗಳು ಏನೂ ಇಲ್ಲದ ಕಡೆ ಹುಟ್ಟಿದವರಲ್ಲ. ತಮಿಳಿನಲ್ಲಿ ಆಗಲೇ ಕೆಲವು ನೂರು ವರ್ಷಗಳ ಸಂಗಂ ಕಾವ್ಯ ಇತ್ತು. ಅದರಲ್ಲಿ ಎರಡು ಬಗೆ. ಒಂದು ಅಗಂ, ಅಂದರೆ ಮನೆಯೊಳಗಿನದು, ಪ್ರೇಮದ್ದು. ಅಲ್ಲಿ ಹುಡುಗಿ ಮಾತಾಡುತ್ತಾಳೆ, ಅವಳ ಗೆಳತಿ ಮಾತಾಡುತ್ತಾಳೆ, ತಾಯಿ ಮಾತಾಡುತ್ತಾಳೆ. ಯಾರಿಗೂ ಹೆಸರಿಲ್ಲ. ಇನ್ನೊಂದು ಪುರಂ, ಹೊರಗಿನದು. ಅದು ಯುದ್ಧ, ರಾಜ, ದಾನದ ಕಾವ್ಯ. ಕವಿ ಊರೂರು ತಿರುಗುತ್ತಾನೆ, ರಾಜನನ್ನು ಹೊಗಳುತ್ತಾನೆ, ಹೊಟ್ಟೆಗೆ ಬಟ್ಟೆಗೆ ಕೇಳುತ್ತಾನೆ. ಭಕ್ತಿ ಕವಿಗಳು ಮಾಡಿದ್ದು ಇಷ್ಟೇ: ಅಗಂನ ನಲ್ಲನ ಜಾಗದಲ್ಲೂ ಪುರಂನ ರಾಜನ ಜಾಗದಲ್ಲೂ ದೇವರನ್ನು ತಂದು ಕೂರಿಸಿದರು. ಇಷ್ಟೇ ಎಂದೆ, ಆದರೆ ಇದರಿಂದ ಎಲ್ಲವೂ ಬದಲಾಯಿತು.

ನಮ್ಮಾಳ್ವಾರರ ತಿರುವಾಯ್‌ಮೊಳಿಯಲ್ಲಿ 1102 ಪದ್ಯಗಳಿವೆ. ಅದರಲ್ಲಿ ಒಂದು ಕಡೆ ತಾಯಿಯೊಬ್ಬಳು ಸೀದಾ ಶ್ರೀರಂಗದ ರಂಗನಾಥನ ಹತ್ತಿರ ಹೋಗಿ ಕೇಳುತ್ತಾಳೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

ಹಗಲೂ ಇರುಳೂ ಇವಳ ಕಣ್ಣಿಗೆ ನಿದ್ದೆ ಎಂಬುದಿಲ್ಲ. ಕಣ್ಣೀರನ್ನು ಕೈಯಲ್ಲಿ ಬಾಚಿ ಚೆಲ್ಲುತ್ತಾಳೆ. ಶಂಖ ಎನ್ನುತ್ತಾಳೆ, ಚಕ್ರ ಎನ್ನುತ್ತಾಳೆ, ಕೈ ಮುಗಿಯುತ್ತಾಳೆ. ತಾವರೆಗಣ್ಣು ಎಂದು ಸೋತು ಬೀಳುತ್ತಾಳೆ. ನಿನ್ನ ಬಿಟ್ಟು ಹೇಗಿರಲಿ ಎನ್ನುತ್ತಾಳೆ. ನೆಲವನ್ನು ಕೈಯಿಂದ ತಡವುತ್ತ ಸುಮ್ಮನೆ ಕೂರುತ್ತಾಳೆ. ಕೆಂಪು ಮೀನು ನೆಗೆಯುವ ನೀರಿನ ತಿರುವರಂಗದವನೇ, ಇವಳಿಗೆ ಏನು ಮಾಡಬೇಕೆಂದಿದ್ದೀಯ?

ತಾಯಿ, ಮಗಳು, ಬೇಗುದಿ ಎಲ್ಲ ಹಳೆಯ ಪ್ರೇಮಕಾವ್ಯದ್ದೇ. ಸಂಗಂ ಕಾವ್ಯ ಓದಿದ ಯಾವ ತಮಿಳನಿಗೂ ಈ ತಾಯಿ ಗೊತ್ತು. ಹೊಸದು ಕೊನೆಯ ಸಾಲು. ಮಗಳ ಮನಸ್ಸು ಕೆಡಿಸಿದವನಿಗೆ ಈಗ ಹೆಸರಿದೆ, ವಿಳಾಸವಿದೆ. ಕಾವೇರಿಯ ನೀರು, ಅದರಲ್ಲಿ ನೆಗೆಯುವ ಮೀನು, ಶ್ರೀರಂಗ. ಹೋಗಿ ಬಾಗಿಲು ತಟ್ಟಬಹುದು. ಬರೆದವರು ಗಂಡಸು, ಮಾತಾಡುತ್ತಿರುವುದು ಹೆಣ್ಣಿನ ತಾಯಿ, ವಿರಹ ಮಾತ್ರ ಕವಿಯದೇ.

ಆಂಡಾಳ್ ವಿಷಯ ಬೇರೆ. ಅವಳು ಹೆಣ್ಣಾಗಿಯೇ ಹಾಡುವುದರಿಂದ ವೇಷ ಹಾಕುವ ಅಗತ್ಯವೇ ಇಲ್ಲ. ಶ್ರೀವಿಲ್ಲಿಪುತ್ತೂರಿನ ಪೆರಿಯಾಳ್ವಾರರ ಸಾಕುಮಗಳು. ದೇವರಿಗೆಂದು ಕಟ್ಟಿದ ಮಾಲೆಯನ್ನು ತಾನೇ ಮುಡಿದು ನೋಡಿಕೊಂಡು ಆಮೇಲೆ ಕೊಡುತ್ತಿದ್ದಳು ಎಂಬ ಕಥೆ ಎಲ್ಲರಿಗೂ ಗೊತ್ತು. ತಿರುಪ್ಪಾವೈಯ 30 ಹಾಡೂ ಜನಪ್ರಿಯ. ಧನುರ್ಮಾಸದಲ್ಲಿ ತಿರುಮಲದಲ್ಲಿ ಸುಪ್ರಭಾತ ನಿಲ್ಲಿಸಿ ತಿರುಪ್ಪಾವೈಯನ್ನೇ ಹಾಡುತ್ತಾರೆ. ಆದರೆ ಅವಳದೇ ಇನ್ನೊಂದು ಕೃತಿ ನಾಚ್ಚಿಯಾರ್ ತಿರುಮೊಳಿ, 143 ಪದ್ಯ, ಅದನ್ನು ಓದಿದವರು ಕಡಿಮೆ. ಕಾರಣ ಊಹಿಸುವುದು ಕಷ್ಟವಲ್ಲ. ಅಲ್ಲಿ ಅವಳು ಕೃಷ್ಣನ ಶಂಖವನ್ನು ಹಿಡಿದು ವಿಚಾರಿಸುತ್ತಾಳೆ: ಅವನ ಬಾಯಿ ಪಚ್ಚಕರ್ಪೂರದ ವಾಸನೆಯೋ, ತಾವರೆಯ ವಾಸನೆಯೋ? ಹವಳದ ತುಟಿ ಸಿಹಿಯಾಗಿರುತ್ತದೋ? ನಿನಗೆ ಗೊತ್ತಿರುತ್ತದೆ, ಆಸೆಯಿಂದ ಕೇಳುತ್ತಿದ್ದೇನೆ, ಹೇಳು ಬಿಳಿ ಶಂಖವೇ. ಇನ್ನೊಂದು ಕಡೆ, ಮನುಷ್ಯರಿಗೆ ನನ್ನನ್ನು ಕೊಡುವ ಮಾತು ಎತ್ತಿದರೆ ಬದುಕಿರಲಾರೆ ಎನ್ನುತ್ತಾಳೆ. ಸಾವಿರ ಆನೆಗಳ ನಡುವೆ ಅವನು ಬಂದು ಕೈ ಹಿಡಿದ ಕನಸಿನ ಹಾಡನ್ನು ಮಾತ್ರ ಅಯ್ಯಂಗಾರರ ಮದುವೆಗಳಲ್ಲಿ ಇವತ್ತಿಗೂ ಹೇಳುತ್ತಾರೆ.

ಪುರಂ ಕಾವ್ಯದ ವಾರಸುದಾರ ಯಾರೆಂದು ಕೇಳಿದರೆ ನಾನು ಸುಂದರರ್ ಹೆಸರು ಹೇಳುತ್ತೇನೆ. ರಾಜನ ಹತ್ತಿರ ಕವಿ ಕೇಳುವ ಹಾಗೆ ಇವರು ಶಿವನನ್ನು ಕೇಳುತ್ತಾರೆ, ಅದೂ ಸ್ನೇಹಿತನ ಸಲುಗೆಯಲ್ಲಿ. ಒಮ್ಮೆ ಕುಂಡೈಯೂರಿನಲ್ಲಿ ಅವರಿಗೆ ಭತ್ತ ಸಿಕ್ಕಿತು. ಮನೆಯಲ್ಲಿ ಹೆಂಡತಿ ಪರವೈ ಹಸಿದಿದ್ದಾಳೆ. ಆಗ ಹಾಡಿದ್ದು: ದಿನಾ ನಿನಗೆ ಕೈ ಮುಗಿಯುವವನು ನಾನು, ಅವಳು ಬಾಡಿ ಸಂಕಟಪಡಬಾರದು, ಕುಂಡೈಯೂರಿನಲ್ಲಿ ಸ್ವಲ್ಪ ಭತ್ತ ಸಿಕ್ಕಿದೆ, ಹೊರಲು ಆಳಿಲ್ಲ, ತಲುಪಿಸಲು ಯಾರಿಗಾದರೂ ಹೇಳು. ಶಿವನ ಮುಂದೆ ಭತ್ತದ ಸಾಗಣೆಯ ಕೋರಿಕೆ! ಮೋಕ್ಷದ ಮಾತೇ ಇಲ್ಲ.

ಸಲುಗೆ ಇದ್ದಲ್ಲಿ ಜಗಳವೂ ಇರಬೇಕಲ್ಲ. ತಿರುವೊಟ್ರಿಯೂರಿನಲ್ಲಿ ಸಂಗಿಲಿ ಎಂಬ ಎರಡನೆಯ ಹೆಂಡತಿಗೆ ಕೊಟ್ಟ ಮಾತು ಮುರಿದಿದ್ದಕ್ಕೆ ಅವರ ಕಣ್ಣು ಹೋಯಿತು ಎನ್ನುತ್ತದೆ ಕಥೆ. ಕಂಚಿಯಲ್ಲಿ ಒಂದು ಕಣ್ಣು ಮರಳಿತು. ಇನ್ನೊಂದಕ್ಕೆ ತಿರುವಾರೂರಿನಲ್ಲಿ ನಿಂತು ಹಾಡಿದರು. ನಾನು ಅಡವಿಟ್ಟ ಆಳಲ್ಲ, ಬೇಕಾದರೆ ಮಾರಿಕೊಳ್ಳಿ, ಇಷ್ಟಪಟ್ಟೇ ನಿಮ್ಮ ಆಳಾದೆ, ತಪ್ಪು ಮಾಡಿಲ್ಲ, ಕಣ್ಣು ಕಿತ್ತುಕೊಂಡು ಕೆಟ್ಟ ಹೆಸರು ತಂದುಕೊಂಡವರು ನೀವೇ. ಇನ್ನೊಂದು ಕಣ್ಣು ಕೊಡದಿದ್ದರೆ ಬಿಡಿ, ನೀವು ಚೆನ್ನಾಗಿ ಬಾಳಿಕೊಂಡಿರಿ! ಪ್ರತಿ ಪದ್ಯವೂ ಇದೇ ಕುಟುಕಿನಲ್ಲಿ ಮುಗಿಯುತ್ತದೆ. ತಪ್ಪು ಮಾಡಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ ಎಂಬುದು ಸಂಗಿಲಿಗೆ ಗೊತ್ತಿತ್ತು, ಆ ಮಾತು ಬೇರೆ.

ಊರಿನ ವಿಷಯಕ್ಕೆ ಮರಳೋಣ. ಈ ಕವಿಗಳು ಒಂದು ಕಡೆ ಕೂತವರಲ್ಲ. ಕಾಲ್ನಡಿಗೆಯಲ್ಲಿ ಊರಿಂದ ಊರಿಗೆ ಹೋಗಿ, ಒಂದೊಂದು ದೇವಸ್ಥಾನದ ಮೇಲೂ ಸಾಮಾನ್ಯವಾಗಿ ಹತ್ತು ಹನ್ನೊಂದು ಪದ್ಯಗಳ ಪದಿಗ ಹಾಡಿದರು. ಮೂವರ ತೇವಾರ ಸೇರಿ ಸುಮಾರು 800 ಪದಿಗ. ಹಾಡು ಸಿಕ್ಕ ಊರು ಕ್ಷೇತ್ರವಾಯಿತು. ವೈಷ್ಣವರ 108 ದಿವ್ಯದೇಶಗಳು ಎಂದರೆ ಆಳ್ವಾರರು ಹಾಡಿದ ಊರುಗಳು, ಅದರಲ್ಲಿ ಎರಡು ಮಾತ್ರ ಭೂಮಿಯ ಮೇಲಿಲ್ಲ. ಶೈವರಿಗೂ ಇಂಥದೇ ಪಟ್ಟಿ ಇದೆ, 270ಕ್ಕೂ ಜಾಸ್ತಿ ಊರು. ಹೆಚ್ಚಿನವು ಕಾವೇರಿ ಬಯಲಿನಲ್ಲಿ. ಕರ್ನಾಟಕದಲ್ಲಿ ಒಂದೂ ದಿವ್ಯದೇಶ ಇಲ್ಲ. ಶೈವರ ಪಟ್ಟಿಯಲ್ಲಿ ಮಾತ್ರ ನಮ್ಮ ಗೋಕರ್ಣ ಇದೆ. ಅಪ್ಪರ್ ಮತ್ತು ಸಂಬಂಧರ್ ಇಬ್ಬರೂ ಮಹಾಬಲೇಶ್ವರನನ್ನು ತಮಿಳಿನಲ್ಲಿ ಹಾಡಿದ್ದಾರೆ. ಗೋಕರ್ಣಕ್ಕೆ ಹೋಗುವ ಎಷ್ಟು ಕನ್ನಡಿಗರಿಗೆ ಇದು ಗೊತ್ತೋ!

ಊರಿನ ದೇವರು ಎಂದಮೇಲೆ ಊರಿನ ಕೆಲಸವೂ ಇರುತ್ತದೆ. ಅಪ್ಪರ್ ವಿಗ್ರಹ ನೋಡಿದರೆ ಕೈಯಲ್ಲಿ ಒಂದು ಉದ್ದ ಹಿಡಿಯ ಸಲಕರಣೆ ಕಾಣುತ್ತದೆ, ಅದು ಕಳೆ ಕೀಳುವ ಉಳವಾರಂ. ದೇವಸ್ಥಾನದ ಅಂಗಳದ ಹುಲ್ಲು ಕೀಳುವುದು ಅವರ ನಿತ್ಯದ ಕೆಲಸ. ಇದೇ ಅಪ್ಪರ್ ರಾಜನ ಕರೆ ಬಂದಾಗ ಹೇಳಿದ ಮಾತು: ನಾವು ಯಾರಿಗೂ ಪ್ರಜೆಗಳಲ್ಲ, ಯಮನಿಗೂ ಹೆದರುವುದಿಲ್ಲ. ಆ ರಾಜ ಪಲ್ಲವ ಮಹೇಂದ್ರವರ್ಮ ಎಂದು ಗುರುತಿಸುತ್ತಾರೆ. ಸುಣ್ಣದ ಗೂಡಿನಲ್ಲಿ ಕೂಡಿ ಹಾಕಿದಾಗ, ಒಡೆಯನ ಪಾದದ ನೆರಳು ದೋಷವಿಲ್ಲದ ವೀಣೆಯ ದನಿಯಂತೆ, ಸಂಜೆಯ ಚಂದ್ರನಂತೆ, ಬೀಸುವ ತೆಂಗಾಳಿಯಂತೆ, ದುಂಬಿ ಗುಂಯ್‌ಗುಡುವ ಕೊಳದಂತೆ ಇದೆ ಎಂದು ಹಾಡಿದರಂತೆ.

ಆದರೆ ಎಲ್ಲವೂ ಹೀಗೆ ತಂಪಾಗಿಲ್ಲ. ಭಕ್ತಿ ಎಂದರೆ ಬರೀ ಕರಗುವಿಕೆ ಎಂದುಕೊಂಡವರು ಇದನ್ನೂ ಓದಬೇಕು. ಅಪ್ಪರ್ ಮೊದಲು ಜೈನ ಮುನಿಯಾಗಿದ್ದವರು. ಹೊಟ್ಟೆನೋವು ತಾಳಲಾರದೆ ಅಕ್ಕ ತಿಲಕವತಿಯ ಹತ್ತಿರ ಮರಳಿ ಬಂದು ಶೈವರಾದರು. ಆ ಕಾಲದ ತಮಿಳು ನಾಡಿನಲ್ಲಿ ಜೈನ, ಬೌದ್ಧರ ಪ್ರಭಾವ ದೊಡ್ಡದಿತ್ತು, ಪೈಪೋಟಿ ಜೋರಾಗಿತ್ತು. ಸಂಬಂಧರ ಪದಿಗಕ್ಕೆ ಒಂದು ಅಚ್ಚೇ ಇದೆ. ಎಂಟನೆಯ ಪದ್ಯದಲ್ಲಿ ಕೈಲಾಸದಡಿ ನಜ್ಜುಗುಜ್ಜಾದ ರಾವಣ, ಒಂಬತ್ತರಲ್ಲಿ ಶಿವನ ತುದಿ ಬುಡ ಕಾಣದ ಬ್ರಹ್ಮ ವಿಷ್ಣು, ಹತ್ತರಲ್ಲಿ ಜೈನ ಬೌದ್ಧರಿಗೆ ಬೈಗುಳ, ಕೊನೆಯದರಲ್ಲಿ ತನ್ನ ಹೆಸರು, ತನ್ನ ಊರು ಶೀರ್ಕಾಳಿ. ಮದುರೆಯಲ್ಲಿ ವಾದದಲ್ಲಿ ಸೋತ 8000 ಜೈನರನ್ನು ಶೂಲಕ್ಕೇರಿಸಿದರು ಎಂಬ ಕಥೆಯೂ ಪುರಾಣದಲ್ಲಿದೆ. ಹಾಗೆ ನಡೆಯಿತು ಎಂದು ಅನೇಕ ಇತಿಹಾಸಕಾರರು ನಂಬುವುದಿಲ್ಲ. ನಂಬದಿರಲು ಕಾರಣಗಳಿವೆ. ಆದರೆ ಹತ್ತನೆಯ ಪದ್ಯದ ಬೈಗುಳ ಕಥೆಯಲ್ಲ, ಅದು ಅಲ್ಲೇ ಇದೆ, ಹಾಡುವವರು ಅದನ್ನೂ ಹಾಡುತ್ತಾರೆ.

ಜಾತಿಯ ಪ್ರಶ್ನೆಯಲ್ಲೂ ಹಾಡು ಒಂದು ಹೇಳಿದರೆ ಊರು ಇನ್ನೊಂದು ಹೇಳುತ್ತದೆ. ನಮ್ಮಾಳ್ವಾರರು ವೆಳ್ಳಾಳ ಕುಲದವರು. ಅವರಿಗೆ ಶಿಷ್ಯರಾದ ಮಧುರಕವಿ ವಯಸ್ಸಿನಲ್ಲಿ ಹಿರಿಯ ಬ್ರಾಹ್ಮಣರು. ಪಾಣರ ಕುಲದ ತಿರುಪ್ಪಾಣ್ ಆಳ್ವಾರರು ಶ್ರೀರಂಗದ ಗುಡಿಯೊಳಗೆ ಕಾಲಿಡುವ ಹಾಗಿರಲಿಲ್ಲ, ಕಾವೇರಿಯ ದಡದಲ್ಲೇ ನಿಂತು ಹಾಡುತ್ತಿದ್ದರು. ನೀರಿಗೆ ಬಂದ ಗುಡಿಯ ಅರ್ಚಕ ಲೋಕಸಾರಂಗರು, ಇವರು ದಾರಿ ಬಿಡಲಿಲ್ಲವೆಂದು ಕಲ್ಲೆಸೆದರು. ಗಾಯ ದೇವರ ಹಣೆಯಲ್ಲಿ ಕಾಣಿಸಿತು. ಆಮೇಲೆ ದೇವರ ಅಪ್ಪಣೆಯಂತೆ ಅದೇ ಲೋಕಸಾರಂಗರು ಅವರನ್ನು ಹೆಗಲ ಮೇಲೆ ಹೊತ್ತು ಒಳಗೆ ತಂದರು. ಅಲ್ಲಿ ಹಾಡಿದ್ದು ಹತ್ತೇ ಪದ್ಯ, ಪಾದದಿಂದ ಕಣ್ಣಿನವರೆಗೆ ರಂಗನಾಥನನ್ನು ನೋಡುತ್ತ. ಕೊನೆಯ ಮಾತು: ನನ್ನ ಅಮೃತವನ್ನು ಕಂಡ ಕಣ್ಣು ಇನ್ನೇನನ್ನೂ ಕಾಣದು.

ನಂದನಾರ್ ಕಥೆ ಇಷ್ಟು ಸಲೀಸಲ್ಲ. ಡೋಲಿಗೆ ತೊಗಲು, ವೀಣೆಗೆ ತಂತಿ ಒದಗಿಸುತ್ತಿದ್ದ ಈ ಹೊಲೆಯ ಭಕ್ತ ಚಿದಂಬರ ನೋಡಬೇಕೆಂದು ನಾಳೆ ಹೋಗುವೆ, ನಾಳೆ ಹೋಗುವೆ ಎನ್ನುತ್ತಲೇ ಇದ್ದರು. ತಿರುಪ್ಪುಂಗೂರಿನಲ್ಲಿ ಹೊರಗೆ ನಿಂತ ಅವರಿಗೆ ಕಾಣಲೆಂದು ನಂದಿ ಪಕ್ಕಕ್ಕೆ ಸರಿಯಿತು. ಅಲ್ಲಿನ ನಂದಿ ಇವತ್ತಿಗೂ ಸರಿದೇ ಇದೆ. ಆದರೆ ಚಿದಂಬರದಲ್ಲಿ ಅವರು ಬೆಂಕಿಯಲ್ಲಿ ಇಳಿದು, ಜನಿವಾರ ಹಾಕಿದ ಮುನಿಯಾಗಿ ಎದ್ದುಬಂದ ಮೇಲೇ ಒಳಗೆ ಹೋದದ್ದು. ಇದನ್ನು 12ನೇ ಶತಮಾನದಲ್ಲಿ ಬರೆದವರು, 63 ನಾಯನ್ಮಾರರ ಕಥೆ ಹೇಳುವ ಪೆರಿಯ ಪುರಾಣದ ಸೇಕ್ಕಿಳಾರ್. ಭಕ್ತಿಗೆ ಜಾತಿ ಇಲ್ಲ ಎನ್ನಲು ಹೊರಟ ಕಥೆ ಕೊನೆಗೆ ಭಕ್ತನ ಜಾತಿಯನ್ನೇ ಬದಲಾಯಿಸಬೇಕಾಯಿತಲ್ಲ ಎಂದು ನನಗೆ ಪ್ರತಿ ಸಲ ಅನಿಸುತ್ತದೆ.

ಬೀದಿಯ ಹಾಡು ಗ್ರಂಥವಾದದ್ದು ಹೇಗೆ? ಇಲ್ಲಿ ಎರಡು ಕಥೆಗಳು, ಎರಡೂ ಕಳೆದುಹೋದದ್ದು ಸಿಕ್ಕ ಕಥೆಗಳು. ವೈಷ್ಣವ ಆಚಾರ್ಯರಾದ ನಾಥಮುನಿಗಳು ಕುಂಭಕೋಣದ ದೇವರ ಮೇಲಿನ ಹಾಡೊಂದನ್ನು ಯಾತ್ರಿಕರ ಬಾಯಲ್ಲಿ ಕೇಳಿದರು. ಕೊನೆಯಲ್ಲಿ 'ಸಾವಿರದಲ್ಲಿ ಈ ಹತ್ತು' ಎಂದು ಬಂತು. ಉಳಿದದ್ದೆಲ್ಲಿ? ಯಾರಿಗೂ ಗೊತ್ತಿಲ್ಲ. ನಮ್ಮಾಳ್ವಾರರ ಊರು ಕುರುಗೂರಿಗೆ ಹೋಗಿ, ಮಧುರಕವಿಗಳು ಗುರುವಿನ ಮೇಲೆ ಹಾಡಿದ ಪದ್ಯಗಳನ್ನು 12,000 ಸಲ ಜಪಿಸಿದಾಗ ಆಳ್ವಾರರೇ ಕಾಣಿಸಿ ಎಲ್ಲವನ್ನೂ ಕೊಟ್ಟರಂತೆ. ಅದೇ ನಾಲ್ಕು ಸಾವಿರ ಪದ್ಯಗಳ ನಾಲಾಯಿರ ದಿವ್ಯ ಪ್ರಬಂಧಂ. ಶೈವರ ಕಥೆಯಲ್ಲಿ ತೇವಾರದ ಓಲೆಗಳು ಚಿದಂಬರದ ಬೀಗ ಹಾಕಿದ ಕೋಣೆಯಲ್ಲಿದ್ದವು. ಹಾಡಿದ ಮೂವರೇ ಬಂದರೆ ಬಾಗಿಲು ತೆಗೆಯುತ್ತೇವೆ ಎಂದರು ಅರ್ಚಕರು. ರಾಜ ಮೂವರ ವಿಗ್ರಹಗಳನ್ನೇ ಮೆರವಣಿಗೆಯಲ್ಲಿ ತಂದು ನಿಲ್ಲಿಸಿದ. ಒಳಗೆ ಗೆದ್ದಲು ತಿಂದು ಉಳಿದಿದ್ದನ್ನು ನಂಬಿ ಆಂಡಾರ್ ನಂಬಿ ಜೋಡಿಸಿದರು. ಆ ರಾಜ ರಾಜರಾಜ ಚೋಳ ಎಂಬುದು ಕಥೆ. ಕಲ್ಲಿನ ಮೇಲೆ ಇರುವುದು ಇದು: ಅವನು ಕಟ್ಟಿಸಿದ ತಂಜಾವೂರಿನ ದೇವಸ್ಥಾನದ ಶಾಸನದ ಪ್ರಕಾರ ದಿನಾ ತೇವಾರ ಹಾಡಲು 48 ಗಾಯಕರು, ಜೊತೆಗೆ ಇಬ್ಬರು ವಾದ್ಯದವರು ನೇಮಕವಾಗಿದ್ದರು. ಹುಲ್ಲು ಕೀಳುತ್ತಿದ್ದವರ ಹಾಡಿಗೆ ಈಗ ಅರಮನೆಯ ಸಂಬಳ.

ವೈಷ್ಣವರಲ್ಲಿ ರಾಮಾನುಜರ ಪರಂಪರೆ ತಮಿಳು ಹಾಡನ್ನು ವೇದದ ಸಮಕ್ಕೆ ಇಟ್ಟಿತು. ತಿರುವಾಯ್‌ಮೊಳಿಗೆ ದ್ರಾವಿಡ ವೇದ ಎಂದೇ ಹೆಸರು. ಉತ್ಸವದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ದೇವರ ಪಲ್ಲಕ್ಕಿಯ ಮುಂದೆ ಪ್ರಬಂಧ ಹೇಳುವ ಗೋಷ್ಠಿ, ಹಿಂದೆ ವೇದ ಹೇಳುವವರು. ತಮಿಳಿನ ಹಿಂದೆ ದೇವರು ಓಡುತ್ತಾನೆ, ದೇವರ ಹಿಂದೆ ವೇದ ಓಡುತ್ತದೆ ಎಂದು ಅವರು ಅದಕ್ಕೆ ವಿವರಣೆ ಕೊಡುತ್ತಾರೆ. ರಾಮಾನುಜರ ಜೊತೆಗೇ ಈ ಪದ್ಧತಿ ಮೇಲುಕೋಟೆಗೂ ಬಂತು. ಗೌರವ ಸಿಕ್ಕ ಮೇಲೆ ಜಗಳವೂ ಬರಬೇಕಲ್ಲ. ಪ್ರಬಂಧ ಹೇಳುವ ಹಕ್ಕು ಶ್ರೀವೈಷ್ಣವರ ಎರಡು ಪಂಗಡಗಳಲ್ಲಿ ತೆಂಗಲೆಯವರದೋ ವಡಗಲೆಯವರದೋ ಎಂದು ಕಂಚಿಯಲ್ಲಿ ಕೋರ್ಟು ಹತ್ತಿದ್ದಾಯಿತು. ಚಿದಂಬರದ ಸನ್ನಿಧಿಯ ಮುಂದೆ ನಿಂತು ತೇವಾರ ಹಾಡಲು ಬಿಡಬೇಕೆಂದು 2008ರಲ್ಲಿ ಸರ್ಕಾರ ಆದೇಶ ಹೊರಡಿಸಬೇಕಾಯಿತು, ಪೊಲೀಸರೂ ನಿಲ್ಲಬೇಕಾಯಿತು.

ಕನ್ನಡಕ್ಕೆ ಈ ಕಥೆಗಳು ಬಂದ ಬಗೆ ಬೇರೆಯೇ ಒಂದು ಲೇಖನಕ್ಕೆ ಸಾಕು. ಹರಿಹರ ಸುಂದರರನ್ನು 'ನಂಬಿಯಣ್ಣ' ಮಾಡಿ ರಗಳೆ ಬರೆದ. ಕಾಳಹಸ್ತಿಯಲ್ಲಿ ಕಣ್ಣು ಕಿತ್ತಿಟ್ಟ ಬೇಡನನ್ನು ನಮ್ಮ ಜನ ನೋಡಿದ್ದು 1954ರ 'ಬೇಡರ ಕಣ್ಣಪ್ಪ'ದಲ್ಲಿ, ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ಅದು. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಸಿರಿಯಾಳನ ಪ್ರಸಂಗ. ಜಂಗಮನಿಗೆ ಮಗನನ್ನೇ ಅಡುಗೆ ಮಾಡಿ ಬಡಿಸಿದ ಈ ಭಕ್ತ ತಮಿಳಿನಲ್ಲಿ ಸಿರುತ್ತೊಂಡರ್. ಪೆರಿಯ ಪುರಾಣದ ಪ್ರಕಾರ ಅವರು ಪಲ್ಲವರ ದಂಡನಾಯಕರು, ವಾತಾಪಿಯನ್ನು, ಅಂದರೆ ನಮ್ಮ ಬಾದಾಮಿಯನ್ನು ನೆಲಸಮ ಮಾಡಿ ಬಂದವರು. ಗಡಿ ದಾಟುವಾಗ ಕತ್ತಿ ಬಿದ್ದುಹೋಯಿತು, ಕೈಗೆ ತಕ್ಕಡಿ ಬಂತು. ಕನ್ನಡದಲ್ಲಿ ಅವರು ಕಂಚಿಯ ಸೆಟ್ಟಿ. 'ಸೆಟ್ಟಿಯೆಂಬೆನೆ ಸಿರಿಯಾಳನ' ಎಂದು ಬಸವಣ್ಣ ಕೇಳುವಾಗ ಬಾದಾಮಿಯ ಹಳೆಯ ಲೆಕ್ಕ ಯಾರಿಗೂ ನೆನಪಿಲ್ಲ.

ಈ ಹಾಡುಗಳನ್ನು ಕೇಳಿ ನೋಡಬೇಕು ಎನ್ನುವವರಿಗೆ ತಿರುಪ್ಪಾವೈಯೇ ಸುಲಭದ ಬಾಗಿಲು. ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಶುರುವಾಗುತ್ತದೆ. ಮೇಲುಕೋಟೆಗೋ ಹತ್ತಿರದ ಶ್ರೀವೈಷ್ಣವ ದೇವಸ್ಥಾನಕ್ಕೋ ಬೆಳಗಿನ ಜಾವ ಹೋದರೆ ದಿನಕ್ಕೊಂದು ಹಾಡು. ಎರಡನೆಯ ಹಾಡಿನಲ್ಲಿ ಹುಡುಗಿಯರು ವ್ರತ ಹಿಡಿಯುತ್ತಾರೆ: ತುಪ್ಪ ತಿನ್ನೆವು, ಹಾಲು ಕುಡಿಯೆವು, ಕಣ್ಣಿಗೆ ಕಾಡಿಗೆ ಇಡೆವು, ಹೂ ಮುಡಿಯೆವು. ಇಪ್ಪತ್ತೇಳನೆಯ ಹಾಡಿನಲ್ಲಿ ವ್ರತ ಬಿಡುತ್ತಾರೆ. ಅನ್ನ ಮುಚ್ಚುವಷ್ಟು ತುಪ್ಪ ಸುರಿದು, ಅದು ಮೊಣಕೈವರೆಗೆ ಸೋರುವ ಹಾಗೆ, ಎಲ್ಲರೂ ಕೂಡಿ ಉಣ್ಣೋಣ ಎನ್ನುತ್ತಾರೆ. ಆ ದಿನಕ್ಕೆ ಕೂಡಾರವಲ್ಲಿ ಎಂದು ಹೆಸರು, ಸಾಮಾನ್ಯವಾಗಿ ಜನವರಿ 11ರ ಸುಮಾರಿಗೆ ಬರುತ್ತದೆ. ಅಕ್ಕಾರವಡಿಸಲ್ ಎನ್ನುವ ಹಾಲು, ಬೆಲ್ಲ, ತುಪ್ಪದ ಸಿಹಿ ಅನ್ನ ಅವತ್ತಿನ ಪ್ರಸಾದ. ಸ್ವಲ್ಪ ಬೇಗ ಹೋಗಿ, ಬೇಗ ಖಾಲಿಯಾಗುತ್ತದೆ.